ಬ್ಯಾಟರಿ ಬೇಡ, ಕಾಲೇ ಸಾಕು

ಅಬ್ಬಾ ಸೈಕಲ್ ಹತ್ತುವುದನ್ನು ನಾನು ದಿನಾ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮೊದಲೆಲ್ಲ ಎಡಗಾಲನ್ನು ಪೆಡಲ್ ಮೇಲಿಟ್ಟು, ನಾಲ್ಕು ಹೆಜ್ಜೆ ದೂಡಿಕೊಂಡು ಹೋಗಿ, ಬಲಗಾಲನ್ನು ಹಿಂದಿನಿಂದ ಬೀಸಿ ಕೂರುತ್ತಿದ್ದರು. ಈಗ ಸೈಕಲ್ಲನ್ನು ಕಟ್ಟೆಯ ಪಕ್ಕಕ್ಕೆ ತಂದು, ಕಟ್ಟೆ ಹತ್ತಿ ನಿಂತು, ಬಲಗಾಲನ್ನು ಕೈಯಿಂದ ಎತ್ತಿ ಆಚೆ ಹಾಕುತ್ತಿದ್ದರು. ಎತ್ತುವ ಮುಂಚೆ ಓಣಿಯ ಎರಡೂ ಕಡೆ ನೋಡುತ್ತಿದ್ದರು. ಯಾರಾದರೂ ಬರುತ್ತಿದ್ದರೆ ಚೈನು ಸರಿಮಾಡುವವರ ಹಾಗೆ ಬಗ್ಗಿ ನಿಲ್ಲುತ್ತಿದ್ದರು. ಓಣಿ ಖಾಲಿಯಾದ ಮೇಲೆಯೇ ಕಾಲು ಎತ್ತುವುದು.

ನಮ್ಮದು ಗಂಗಾವತಿ. ಅಬ್ಬಾ, ಅಂದರೆ ಟಿಪ್ಪುಸಾಬ, ಸಾಣೆ ಹಿಡಿಯುವವರು. ಅವರ ಸೈಕಲ್ ಬರೀ ಓಡಾಡುವ ಸೈಕಲ್ ಅಲ್ಲ. ಸೀಟಿನ ಮುಂದೆ, ಅಡ್ಡ ಕೊಳವೆಯ ಮೇಲೆ ಸಾಣೆಕಲ್ಲು ಕೂರಿಸಿದೆ. ಊರು ಮುಟ್ಟಿದ ಮೇಲೆ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದಿಂದ ಕಲ್ಲಿಗೆ ಪಟ್ಟಿ ಏರಿಸಿ, ಅದೇ ಸೀಟಿನ ಮೇಲೆ ಕೂತು ತುಳಿದರೆ ಕಲ್ಲು ತಿರುಗುತ್ತದೆ. ಕುಡುಗೋಲು, ಈಳಿಗೆ, ದರ್ಜಿಯ ಕತ್ತರಿ, ಬಾಳೆಗೊನೆ ಕಡಿಯುವ ಮಚ್ಚು ಎಲ್ಲ ಅದರ ಮೇಲೆಯೇ ಹರಿತವಾಗಬೇಕು. ಹೋಗಲಿಕ್ಕೂ ತುಳಿಯಬೇಕು, ಹೋದ ಮೇಲೆ ನಿಂತಲ್ಲೂ ತುಳಿಯಬೇಕು. ಬೇರೆಯವರ ಸೈಕಲ್ಲಿಗೆ ಊರು ಬಂದರೆ ಬಿಡುವು. ಅಬ್ಬಾ ಅವರದಕ್ಕೆ ಊರು ಬಂದ ಮೇಲೆಯೇ ಕೆಲಸ.

ಆ ಬಲ ಮೊಣಕಾಲು ಹೋದ ಮಳೆಗಾಲದಿಂದಲೇ ಕೈಕೊಟ್ಟಿತ್ತು. ಅಬ್ಬಾ ಯಾರಿಗೂ ಹೇಳಲಿಲ್ಲ. ಸಂಜೆ ಬಂದು ಮೂಲೆಯಲ್ಲಿ ಕೂತು, ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಕೇಳಿದರೆ "ಥಂಡಿ" ಎನ್ನುತ್ತಿದ್ದರು. ಏಪ್ರಿಲ್ ತಿಂಗಳ ಗಂಗಾವತಿಯಲ್ಲಿ ಥಂಡಿ!

ಹೇಳದಿರಲು ಕಾರಣ ಇತ್ತು. ಅವರ ಹೆಸರೇ ಆ ಸೈಕಲ್ಲಿನಲ್ಲಿತ್ತು. ಓಣಿಯಲ್ಲಿ ಒಬ್ಬೊಬ್ಬರೂ ಮೊದಲು ಬೈಕು ತಂದರು, ಆಮೇಲೆ ಬ್ಯಾಟರಿ ಗಾಡಿ ತಂದರು. ತಂದ ಪ್ರತಿಯೊಬ್ಬರೂ ಹೊಸ ಗಾಡಿ ನಿಲ್ಲಿಸಿ, "ಏನ ಅನ್ರಿ, ಟಿಪ್ಪುಸಾಬರಂಗ ನಮಗ ಆಗಂಗಿಲ್ಲ. ಕಬ್ಬಿಣ ಇದ್ದಂಗ ಅದಾರ" ಎಂದು ಹೇಳಿಯೇ ಮುಂದೆ ಹೋಗುತ್ತಿದ್ದರು. ಅದನ್ನು ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ನನ್ನ ಅಣ್ಣ ಶಾಹೀದ. ಅವನು ಮೋಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ದಿನವಿಡೀ ಅಕ್ಕಿ ಗಿರಣಿಗಳ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವವನು, ಸಂಜೆ ಗೆಳೆಯರ ಎದುರು ಅಬ್ಬಾ ಅವರ ಕಾಲನ್ನು ಹೊಗಳುತ್ತಿದ್ದ.

ನಮ್ಮ ಮನೆಯ ಎದುರಿಗೇ ಚಹಾದಂಗಡಿ. ಬೆಳಿಗ್ಗೆ ಸೈಕಲ್ಲಿನವರೆಲ್ಲ ಅಲ್ಲಿ ಒಂದು ಕಪ್ಪು ಕುಡಿದೇ ಹೊರಡುವುದು. ನಾನು ಹೊರಗೆ ಹೋಗುವುದು ಕಡಿಮೆ. ಎಂಟನೆಯ ತರಗತಿ ಮುಗಿಸಿ ಶಾಲೆ ಬಿಟ್ಟ ಮೇಲೆ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಕಿಟಕಿಯ ಪರದೆಯ ಹಿಂದೆ ನನ್ನ ಮಷೀನು. ಅಲ್ಲಿ ಕೂತರೆ ಚಹಾದಂಗಡಿಯ ಮಾತೆಲ್ಲ ಕೇಳುತ್ತದೆ.

ಅಲ್ಲಿ ಬ್ಯಾಟರಿ ಗಾಡಿ ಕಂಡರೆ ಉರಿದು ಬೀಳುತ್ತಿದ್ದವನು ಓಬಳೆಪ್ಪ ಕಾಕಾ. ಸೈಕಲ್ ಮೇಲೆ ಸೊಪ್ಪು ಮಾರುವವನು, ಅಬ್ಬಾ ಅವರ ವಯಸ್ಸಿನವನು. ಬ್ಯಾಟರಿ ಗಾಡಿ ಇದ್ದವನು ದುರಗೇಶ. ಮೊಸರಿನ ಕ್ಯಾನು ಕಟ್ಟಿಕೊಂಡು ಹಳ್ಳಿಗಳಿಗೆ ಹೋಗುತ್ತಾನೆ. ಅವನೂ ಎರಡು ವರ್ಷದ ಹಿಂದಿನವರೆಗೆ ಸೈಕಲ್ಲಿನವನೇ.

"ಬಂತ ನೋಡ್ರಿ ಕಳ್ಳಬೆಕ್ಕು," ಎಂದ ಒಂದು ದಿನ ಓಬಳೆಪ್ಪ ಕಾಕಾ. "ಸಪ್ಪಳಿಲ್ದ ಬಂದು ಬೆನ್ನ ಹಿಂದ ನಿಂತಿರ್ತೈತಿ. ಮೊನ್ನಿ ನನ್ನ ಎದಿ ಝಲ್ಲಂತು. ಮೆಂತೆ ಪಲ್ಯ ಎಲ್ಲಾ ಗಟಾರಕ್ಕ."

"ಕಾಕಾ, ನೀ ರಸ್ತಾದ ನಟ್ಟನಡುವ ಹೊಂಟಿದ್ದಿ," ಎಂದ ದುರಗೇಶ.

"ರಸ್ತಾ ನಿಮ್ಮಪ್ಪಂದೇನು?"

"ನಮ್ಮಪ್ಪಂದಲ್ಲ ಬಿಡು. ನಮ್ಮಪ್ಪ ಸೈಕಲ್ ತುಳದು ತುಳದು ಮನ್ಯಾಗ ಮೂಲಿ ಹಿಡದಾನ. ರಸ್ತಾ ತಗೊಂಡು ಏನ್ ಮಾಡ್ತಾನ?"

ಎಲ್ಲರೂ ನಕ್ಕರು. ಅಬ್ಬಾ ನಗಲಿಲ್ಲ.

"ನಡುದಾರ್ಯಾಗ ಕರೆಂಟ್ ಆರಿದ್ರ ಹೆಣ ಹೊತ್ತಂಗ ಹೊರಬೇಕು ಅದನ್ನ," ಕಾಕಾ ಬಿಡಲಿಲ್ಲ. "ನಮಗೇನು? ಎರಡು ರೊಟ್ಟಿ ತಿಂದ್ರ ಚಾರ್ಜ್ ಆತು. ಹೌದಿಲ್ಲೋ ಸಾಬಣ್ಣ?"

"ಹೌದೌದು," ಎಂದರು ಅಬ್ಬಾ.

ಹಾಗೆ ಅನ್ನುವಾಗ ಅವರು ಕಾಕಾನ ಮುಖ ನೋಡುತ್ತಿರಲಿಲ್ಲ. ದುರಗೇಶನ ಗಾಡಿಯಲ್ಲಿ ಕಾಲಿಡುವ ಜಾಗವನ್ನು ನೋಡುತ್ತಿದ್ದರು. ಎರಡೂ ಪಾದಗಳನ್ನು ಸಮವಾಗಿ ಇಟ್ಟುಕೊಂಡು ಸುಮ್ಮನೆ ಕೂರುವ ಜಾಗ. ದುರಗೇಶನಿಗೆ ಅದು ಗೊತ್ತಾಯಿತು ಎಂದು ಕಾಣುತ್ತದೆ. "ಒಂದ್ಸಲ ಕುಂತು ನೋಡ್ತೀಯೇನು ಸಾಬಣ್ಣ? ರುಚಿ ಹತ್ತತೈತಿ" ಎಂದ.

"ಬ್ಯಾಡೋ ಮಾರಾಯ," ಎಂದು ಅಬ್ಬಾ ಗಡಬಡಿಸಿ ಎದ್ದರು. "ನಮಗ್ಯಾಕ ಅವೆಲ್ಲ."

ಮೇ ತಿಂಗಳ ಕೊನೆಗೆ ಕರಿಬಸಪ್ಪ ಸಾವ್ಕಾರರು ನಮ್ಮ ಮನೆಗೇ ಬಂದರು. ಅವರದು ಗೊಬ್ಬರದ ಅಂಗಡಿ. ಸಕ್ಕರೆ ಕಾಯಿಲೆ ಬಂದ ಮೇಲೆ ಗೇರಿನ ಸೈಕಲ್ ತೆಗೆದುಕೊಂಡು, ತಮ್ಮಂಥ ಹತ್ತು ಹದಿನೈದು ಜನರನ್ನು ಕೂಡಿಸಿಕೊಂಡು ದಿನಾ ಬೆಳಿಗ್ಗೆ ಕಾಲುವೆಯ ದಾರಿಯಲ್ಲಿ ಸುತ್ತುತ್ತಾರೆ. ತಲೆಗೆ ಟೋಪಿ, ಮೈಗೆ ಅಂಟುವ ಚಡ್ಡಿ. ಅವರು ಹೋಗುವಾಗ ನಳದ ಹತ್ತಿರದ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಾರೆ. ಸಾವ್ಕಾರರಿಗೆ ಅದೂ ಗೊತ್ತು, ಅವರೇ ನಕ್ಕು ಕೈ ಬೀಸುತ್ತಾರೆ. ಒಳ್ಳೆಯ ಮನುಷ್ಯ.

"ಟಿಪ್ಪುಸಾಬರ, ಜೂನ್ ಮೂರಕ್ಕ ಸೈಕಲ್ ದಿನ ಐತಿ," ಎಂದರು ಕುರ್ಚಿಯ ಅಂಚಿನಲ್ಲಿ ಕೂತು. "ಇಲ್ಲಿಂದ ಆನೆಗೊಂದಿ ತನಕ ಜಾಥಾ ತೆಗದೇವಿ. ಎಲ್ಲರ ಮುಂದ ನೀವಿರಬೇಕು. ಅಲ್ಲಿ ನಿಮಗ ಸನ್ಮಾನ."

"ನಾ ಯಾಕ್ರಿ ಸಾವ್ಕಾರ್ರ? ನಿಮ್ಮ ಸೈಕಲ್ಲಿನ ಮುಂದ ನಂದು ಎತ್ತಿನ ಬಂಡಿ ಇದ್ದಂಗ."

"ಎತ್ತಿನ ಬಂಡೀನ ಬೇಕಾಗೈತ್ರಿ ನಮಗ!" ಎಂದವರು ನಾಲಿಗೆ ಕಚ್ಚಿಕೊಂಡರು. "ಅಂದ್ರ, ಹಂಗಲ್ಲ. ಈ ಬ್ಯಾಟರಿ ಗಾಡಿ ಬಂದು ಮಂದಿ ಕಾಲ ಸತ್ತು ಹೋಗ್ಯಾವ್ರಿ. ನನ್ನ ಮಗ ಎದುರಿನ ಅಂಗಡ್ಯಾಗಿನ ಉಪ್ಪಿನ ಪಾಕೀಟ್ ತರಾಕ ಅದರ ಮ್ಯಾಲೆ ಹೋಗ್ತಾನ. ಮುಂಜಾನಿ ನಾವು ನಾಲಿಗಿ ಹೊರಗ ಹಾಕಿ ತುಳ್ಯಾಕ ಹತ್ತಿರ್ತೀವಿ, ಯಾವನೋ ಒಬ್ಬ ಬಾಯಾಗ ಬೇವಿನ ಕಡ್ಡಿ ಇಟಗೊಂಡು ಸುಂಯ್ ಅಂತ ದಾಟಿ ಹೋಗ್ತಾನ. ಹೊಟ್ಟಿ ಉರೀತೈತ್ರಿ. ನಿಮ್ಮಂಥವರ ಸಲುವಾಗಿ ಇನ್ನೂ ಸೈಕಲ್ಲಿಗೆ ಮರ್ಯಾದಿ ಉಳದೈತಿ."

ಅವರು ಅಬ್ಬಾ ಅವರ ಎರಡೂ ಕೈ ಹಿಡಿದುಕೊಂಡರು. ಅಬ್ಬಾ ಅವರ ಹಿಂದೆ ಶಾಹೀದ ನಿಂತಿದ್ದ. ಅವನ ಮುಖ ಮದುವೆ ಮನೆಯ ದೀಪದ ಹಾಗೆ ಹೊಳೆಯುತ್ತಿತ್ತು. ಅಬ್ಬಾ ಒಮ್ಮೆ ತಿರುಗಿ ಅವನನ್ನು ನೋಡಿದರು. ಆಮೇಲೆ, "ಆಗಲ್ರಿ" ಎಂದರು.

"ಸಾಣಿ ಕಲ್ಲು ಬಿಚ್ಚಬ್ಯಾಡ್ರಿ ಮತ್ತ," ಎಂದರು ಸಾವ್ಕಾರರು ಬಾಗಿಲಲ್ಲಿ ನಿಂತು. "ಹಂಗ ಇರ್ಲಿ. ಫೋಟೋಕ್ಕ ಅದ ಬೇಕು."

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಅಮ್ಮಿಯ ಹತ್ತಿರ ಕೂತೆ. ಅಮ್ಮಿ, ಸೈದಾನಬಿ, ಅಕ್ಕಿ ಆರಿಸುತ್ತಿದ್ದಳು.

"ಅಮ್ಮಿ, ಅಬ್ಬಾಗ ಆನೆಗೊಂದಿ ತನಕ ಆಗಂಗಿಲ್ಲ," ಎಂದೆ.

"ಗೊತ್ತೈತಿ." ಅವಳು ತಲೆ ಎತ್ತಲಿಲ್ಲ. "ದಿನಾ ನೀರು ಕಾಸೋಕಿ ನಾನ ಅಲ್ಲೇನು?"

"ಮತ್ತ ನೀ ಹೇಳು."

"ಅವರ ಬಾಯಿಲೆ ಅವರ ಹೇಳಬೇಕು ಬೇಟಿ. ನಾ ಹೇಳಿದ್ರ ಏನಾಗ್ತೈತಿ? ಹೆಂಡ್ತಿ ಬಿಡಸಿದ್ಲು ಅಂತಾರ. ಊರ ಮುಂದ ಅವರ ಮಾನ ಹೋಗ್ತೈತಿ." ಒಂದು ಕಲ್ಲು ಆರಿಸಿ ಹೊರಗೆ ಎಸೆದಳು. "ನೀ ಹಿಂದಿಂದ ಹೋಗು. ನೀರು ಒಯ್ಯಿ. ನಿನ್ನ ಸೈಕಲ್ ಐತಲ್ಲ."

ಶಾಲೆಯಲ್ಲಿ ಸರಕಾರ ಕೊಟ್ಟ ಸೈಕಲ್ ಅದು. ನಾನು ಶಾಲೆ ಬಿಟ್ಟರೂ ಅದು ನಮ್ಮಲ್ಲೇ ಉಳಿದಿತ್ತು. ಓಣಿ ದಾಟಿ ಅದನ್ನು ಹೊಡೆದದ್ದು ನೆನಪೇ ಇರಲಿಲ್ಲ. ಅಷ್ಟು ಗಂಡಸರ ಹಿಂದೆ ಹೋಗುವುದೆಂದರೆ ನನಗೆ ನಾಚಿಕೆ. ಆದರೂ ಹೂಂ ಎಂದೆ.

ಜೂನ್ ಮೂರರ ಬೆಳಿಗ್ಗೆ ಎಲ್ಲರೂ ಸೇರಿದರು. ಹೊಳೆಯುವ ಸೈಕಲ್ಲುಗಳ ಎದುರು ಅಬ್ಬಾ ಅವರ ಕರಿ ಸೈಕಲ್ಲಿಗೆ ಚೆಂಡುಹೂವಿನ ಹಾರ ಹಾಕಿದ್ದರು. ಸಾಣೆಕಲ್ಲಿಗೂ ಒಂದು ಸುತ್ತು ಹಾಕಿದ್ದರು. ಇಬ್ಬರು ಹುಡುಗರು ಎರಡು ಸೈಕಲ್ಲುಗಳ ನಡುವೆ ಬ್ಯಾನರ್ ಕಟ್ಟಿಕೊಂಡಿದ್ದರು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: ಬ್ಯಾಟರಿ ಬೇಡ, ಕಾಲೇ ಸಾಕು.

ಅಬ್ಬಾ ಬಿಳಿ ಅಂಗಿ ಹಾಕಿದ್ದರು. ಹತ್ತಲು ಅಲ್ಲಿ ಕಟ್ಟೆ ಇರಲಿಲ್ಲ. ಅವರು ಸುತ್ತಲೂ ನೋಡುವುದು ನನಗೆ ಕಂಡಿತು. ಅಷ್ಟರಲ್ಲಿ ಸಾವ್ಕಾರರು, "ಬರ್ರಿ, ನಾವ ಹತ್ತಸ್ತೀವಿ, ಮದುಮಗನ್ನ ಕುದ್ರಿ ಹತ್ತಿಸಿದಂಗ!" ಎಂದು ನಗುತ್ತ ಭುಜ ಕೊಟ್ಟರು. ನಾನು ಉಸಿರು ಬಿಟ್ಟೆ. ಹತ್ತುವುದೇನೋ ಆಯಿತು.

ಜಾಥಾ ಹೊರಟಿತು. ಮುಂದೆ ಅಬ್ಬಾ. ಸನ್ಮಾನದ ಮನುಷ್ಯನನ್ನು ದಾಟಿ ಹೋಗುವುದು ಹೇಗೆ? ಯಾರೂ ದಾಟಲಿಲ್ಲ. ಅಬ್ಬಾ ನಡೆಯುವವರ ವೇಗದಲ್ಲಿ ಹೋಗುತ್ತಿದ್ದರು. ಗೇರಿನ ಸೈಕಲ್ಲಿನವರಿಗೆ ಅಷ್ಟು ನಿಧಾನ ಹೊಡೆದು ಅಭ್ಯಾಸವಿಲ್ಲ. ಒಬ್ಬರಿಗೊಬ್ಬರು ವಾಲುತ್ತ, ಕಾಲೂರುತ್ತ, "ಏ ಸರೀರಿ", "ಹ್ಯಾಂಡಲ್ ಹಿಡೀರಿ" ಎನ್ನುತ್ತ ಬರುತ್ತಿದ್ದರು. ಶಾಹೀದ ಗೆಳೆಯನ ಸೈಕಲ್ಲಿನ ಮೇಲೆ ಒಂದು ಕೈ ಬಿಟ್ಟು ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದ. ನಾನು ಎಲ್ಲರಿಗಿಂತ ಹಿಂದೆ. ನನ್ನ ಹಿಂದೆ ಇನ್ನೊಬ್ಬನಿದ್ದ, ದುರಗೇಶ. ಅವನ ಮೊಸರಿನ ದಾರಿಯೂ ಅದೇ. ಜಾಥಾ ರಸ್ತೆ ತುಂಬಿದ್ದರಿಂದ ಅವನಿಗೆ ಮುಂದೆ ಹೋಗಲು ಆಗಿರಲಿಲ್ಲ.

"ದಾರಿ ಬಿಡ್ರಿ ಯಪ್ಪಾ, ಮೊಸರು ಹುಳಿ ಆಗ್ತೈತಿ," ಎಂದು ಕೂಗಿದ.

"ಬ್ಯಾಟರಿ ಗಾಡಿಗೆ ಇವತ್ತ ದಾರಿ ಇಲ್ಲ," ಎಂದ ಮುಂದಿನವನೊಬ್ಬ, ಬ್ಯಾನರಿನ ಕಡೆ ಕೈ ತೋರಿಸಿ.

"ಓದಾಕ ಬರ್ತೈತ್ರಿ ನನಗ. ದಾರಿ ಬ್ಯಾಡ ಅಂತ ಬರದಿಲ್ಲ ಅದರಾಗ."

ಬಂಡೆಗುಡ್ಡಗಳು ಹತ್ತಿರವಾಗುತ್ತ ಬಂದವು. ರಸ್ತೆಯ ಎಡಕ್ಕೆ ಬಾಳೆ ತೋಟ, ಬಲಕ್ಕೆ ಇನ್ನೂ ನೀರು ಬಿಡದ ಗದ್ದೆ. ಅಬ್ಬಾ ಅವರ ಬೆನ್ನು ನನಗೆ ದೂರದಿಂದ ಕಾಣುತ್ತಿತ್ತು. ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಬಲಗಾಲು ಕೆಳಗೆ ಬಂದಾಗಲೆಲ್ಲ ಅವರ ಭುಜ ಒಂದಿಷ್ಟು ಎಡಕ್ಕೆ ವಾಲುತ್ತಿತ್ತು. ಬೇರೆಯವರಿಗೆ ಅದು ಹಳೆ ಸೈಕಲ್ಲಿನ ವಾಲು ಎಂದು ಕಂಡಿರಬೇಕು.

ದಾರಿಯಲ್ಲಿ ಒಂದು ಸಣ್ಣ ಊರಿದೆ, ಕ್ಯಾಂಪು ಎನ್ನುತ್ತಾರೆ. ಅದರ ತಿರುವು ಬಂತು. ಅಬ್ಬಾ ಅವರ ಸೈಕಲ್ಲಿನ ಚೈನ್ ಕವರಿಗೆ ಒಂದು ಕಟಕಟ ಸದ್ದಿದೆ. ಆ ಸದ್ದು ಕೇಳಿದರೆ ಆ ದಾರಿಯ ಹೆಂಗಸರೆಲ್ಲ ಅಲಗು ಹಿಡಿದು ಹೊರಗೆ ಬರುತ್ತಾರೆ. ಅವತ್ತೂ ಬಂದರು. ಹಿಂದೆ ಜಾಥಾ ಇದೆ, ಬ್ಯಾನರ್ ಇದೆ, ಹಾರ ಇದೆ. ಅವರಿಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. ಮುಂದೆ ನಿಂತವಳು ಬಾಳೆನಾರಿನ ಕೆಲಸ ಮಾಡುವ ಕಳಕಮ್ಮ. ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಕುಡುಗೋಲು.

"ಬಂದ್ಯಾ ಸಾಬಣ್ಣ! ಎಷ್ಟ ದಿನ ಆತೋ ನಿನ್ನ ದಾರಿ ನೋಡಾಕ ಹತ್ತಿ? ಈ ಮಚ್ಚಿನ್ಯಾಗ ಬೆಣ್ಣಿನೂ ಹರಿಯಂಗಿಲ್ಲ."

ಮಚ್ಚು ಹಿಡಿದು ರಸ್ತೆಗೆ ಬಂದ ಹೆಂಗಸನ್ನು ಕಂಡು ಗೇರಿನ ಸೈಕಲ್ಲಿನವರು ಒಬ್ಬರ ಮೇಲೊಬ್ಬರು ಬ್ರೇಕ್ ಹಾಕಿದರು.

"ಇವತ್ತ ಬ್ಯಾಡಮ್ಮ," ಎಂದರು ಕರಿಬಸಪ್ಪ ಸಾವ್ಕಾರರು. "ಇವತ್ತ ಅವರಿಗೆ ಸನ್ಮಾನ ಐತಿ."

"ಮಾಡ್ರಿ, ಯಾರು ಬ್ಯಾಡಂದಾರ? ನಂದು ಮಾಡಿ ಹೋಗ್ಲಿ."

ಅಬ್ಬಾ ಆಗಲೇ ಇಳಿದಿದ್ದರು. ಸಾಣೆಯ ಕೆಲಸದಲ್ಲಿ ನಮ್ಮ ಮನೆತನದ ಒಂದು ನಡೆ ಇದೆ. ಎದುರು ಹಿಡಿದ ಅಲಗನ್ನು ಮೊಂಡಾಗಿಯೇ ಹಿಂದಕ್ಕೆ ಕಳಿಸಬಾರದು. ಹಬ್ಬದ ದಿನ ನಮಾಜಿಗೆ ಹೊರಟಾಗಲೂ ಅಬ್ಬಾ ಹೊಸ ಬಟ್ಟೆಯಲ್ಲೇ ನಿಂತು ಈಳಿಗೆ ಹರಿತ ಮಾಡಿಕೊಟ್ಟಿದ್ದನ್ನು ನಾನು ನೋಡಿದ್ದೇನೆ. ಕಲ್ಲು ಜೊತೆಗಿರುವಾಗ ಇಲ್ಲ ಅನ್ನಲು ಅವರಿಗೆ ಬರುವುದಿಲ್ಲ. ಕಲ್ಲು ಬಿಚ್ಚಬೇಡಿ ಎಂದವರು ಸಾವ್ಕಾರರೇ.

ಅಬ್ಬಾ ಕಳಕಮ್ಮನ ಮನೆಯ ಕಟ್ಟೆಗೆ ಒತ್ತಿ ಸ್ಟ್ಯಾಂಡ್ ಹಾಕಿದರು, ಕಲ್ಲಿನ ಹಾರ ತೆಗೆದರು, ಪಟ್ಟಿ ಏರಿಸಿ ಸೀಟಿನ ಮೇಲೆ ಕೂತು ತುಳಿಯತೊಡಗಿದರು. ಮಚ್ಚಿನಿಂದ ಕಿಡಿ ಹಾರಿತು. ಜಾಥಾದವರೆಲ್ಲ ಸೈಕಲ್ ನಿಲ್ಲಿಸಿ ಸುತ್ತ ನೆರೆದರು. ಶಾಹೀದ ಫೋನು ಹಿಡಿದು ಮುಂದೆ ಬಂದ. "ಅಬ್ಬಾ, ಈ ಕಡೆ ನೋಡ್ರಿ," ಎಂದ.

ಮಚ್ಚು ಮುಗಿಯಿತು. ಕುಡುಗೋಲು ಅರ್ಧವಾಗಿತ್ತು. ಕಲ್ಲಿನ ಸದ್ದು ಸಣ್ಣಗಾಯಿತು, ನಿಂತಿತು. ಅಬ್ಬಾ ಪಕ್ಕಕ್ಕೆ ಜಾರಿ, ಒಂದು ಕೈಯಿಂದ ಹ್ಯಾಂಡಲ್ ಹಿಡಿದೇ ನೆಲಕ್ಕೆ ಕೂತರು. ಕುಡುಗೋಲನ್ನು ಮಾತ್ರ ದೂರ ಹಿಡಿದಿದ್ದರು, ಯಾರಿಗೂ ತಗುಲದ ಹಾಗೆ.

"ಏನಿಲ್ರಿ, ಪೆಡಲ್ ಜಾರಿತು," ಎಂದರು. ಏಳಲು ನೋಡಿದರು. ಬಲಗಾಲು ಮೇಲೆ ಬರಲಿಲ್ಲ.

"ಬಿಸಲ್ರಿ, ಬಿಸಲು. ನೀರು ಕೊಡ್ರಿ," ಎಂದರು ಯಾರೋ. "ಇಷ್ಟಕ್ಕೆಲ್ಲ ಸೋಲೋ ಮನುಷ್ಯ ಅಲ್ಲ ಅವರು. ಚಪ್ಪಾಳಿ ಹೊಡೀರಪ್ಪ, ಎದ್ದ ಏಳ್ತಾರ!" ಎಂದರು ಇನ್ನೊಬ್ಬರು. ಎಲ್ಲರೂ ಚಪ್ಪಾಳೆ ಹೊಡೆಯತೊಡಗಿದರು. ಪ್ರೀತಿಯಿಂದಲೇ ಹೊಡೆಯುತ್ತಿದ್ದರು. ಆ ಚಪ್ಪಾಳೆಗೆ ಅಬ್ಬಾ ಮತ್ತೊಮ್ಮೆ ಏಳಲು ಹೋದರು. ತುಟಿ ಕಚ್ಚಿದ್ದರು.

ನನಗೆ ನನ್ನ ದನಿಯೇ ಗುರುತು ಸಿಗಲಿಲ್ಲ.

"ಚಪ್ಪಾಳಿ ಹೊಡಿಬ್ಯಾಡ್ರಿ."

ಎಲ್ಲರೂ ಹಿಂದೆ ತಿರುಗಿದರು. ಅಷ್ಟು ಮುಖಗಳು. ನಾನು ನೆಲ ನೋಡುತ್ತ ಹೇಳಿದೆ, "ಅಬ್ಬಾಗ ಮೊಣಕಾಲು ನೋವೈತ್ರಿ. ಇವತ್ತಿಂದಲ್ಲ, ಹೋದ ಮಳಿಗಾಲದಿಂದ. ಕಾಲು ಕೈಲೆ ಎತ್ತಿ ಸೈಕಲ್ ಹತ್ತತಾರ. ಅವರನ್ನ ಎಬ್ಬಸಬ್ಯಾಡ್ರಿ."

ಚಪ್ಪಾಳೆ ನಿಂತಿತು. ಅಬ್ಬಾ ನನ್ನನ್ನು ನೋಡಿದರು. ಮೊದಲು ಸಿಟ್ಟೇ ಇತ್ತು. ಹೊಡೆಯುತ್ತಾರೆಯೋ ಎನ್ನುವಂಥ ಸಿಟ್ಟು. ಅವರು ಯಾವತ್ತೂ ಹೊಡೆದವರಲ್ಲ. ಆಮೇಲೆ ಹ್ಯಾಂಡಲ್ ಬಿಟ್ಟರು. ಬೆನ್ನನ್ನು ಸೈಕಲ್ಲಿನ ಚಕ್ರಕ್ಕೆ ಆನಿಸಿ, ಎರಡೂ ಕಾಲು ನೀಡಿ, ರಸ್ತೆಯ ಅಂಚಿನ ಮಣ್ಣಿನಲ್ಲಿ ಬಿಳಿ ಅಂಗಿಯಲ್ಲೇ ಆರಾಮಾಗಿ ಕೂತುಬಿಟ್ಟರು.

"ಹೌದ್ರಿ," ಎಂದರು. "ಹುಡುಗಿ ಹೇಳೋದು ಖರೇ ಐತಿ."

ಕರಿಬಸಪ್ಪ ಸಾವ್ಕಾರರು ಅವರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು. "ಮತ್ತ ನನ್ನ ಮುಂದ ಯಾಕ ಹೇಳ್ಲಿಲ್ರಿ? ಕರಕೊಂಡ ಬಂದು ಪಾಪ ಮಾಡಿದ್ನಲ್ಲ ನಾ."

"ಏನಂತ ಹೇಳ್ಲಿ? ನೀವು ಎರಡೂ ಕೈ ಹಿಡಕೊಂಡ್ರಿ. ಮಗ ಹಿಂದ ನಿಂತಿದ್ದ."

"ನಿಮಗ ಸೈಕಲ್ ಅಂದ್ರ ಜೀವ ಅಂತ ತಿಳದಿದ್ವಿ ನಾವು."

"ಜೀವ?" ಅಬ್ಬಾ ಅವರಿಗೆ ನಗು ಬಂತು. ನಿಜವಾದ ನಗು. "ಸಾವ್ಕಾರ್ರ, ನಿಮಗ ಅದು ಮುಂಜಾನಿ ಒಂದ ತಾಸು. ಛಲೋ ಐತಿ, ಮಾಡ್ರಿ. ನನಗ ಅದು ಮುಂಜಾನಿಂದ ಸಂಜಿ ತನಕ. ನಾ ಒಂದು ದಿನಾನೂ ಹುಮ್ಮಸ್ಸಿನ್ಯಾಗ ಹತ್ತಿಲ್ಲ ಇದನ್ನ. ಬ್ಯಾರೆ ಇರ್ಲಿಲ್ಲ, ಹತ್ತಿದೆ. ಈಗ ಈ ದುರಗೇಶ ಸುಂಯ್ ಅಂತ ಹೋಗೋದು ನೋಡಿದ್ರ ಬಾಯಾಗ ನೀರು ಬರ್ತೈತ್ರಿ. ನಿಮ್ಮ ಹೊಟ್ಟಿ ಉರೀತೈತಿ ಅಂದ್ರಿ, ನಂದೂ ಉರೀತೈತಿ. ನನ್ನ ಉರಿ ಬ್ಯಾರೆ."

ಮೊದಲು ನಕ್ಕವಳು ಕಳಕಮ್ಮ. ಆಮೇಲೆ ಸಾವ್ಕಾರರು. ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಏ, ಆ ಬ್ಯಾನರ್ ಸುತ್ತಿಡ್ರಪ್ಪ!"

"ಬ್ಯಾಡ್ರಿ, ಇರ್ಲಿ," ಎಂದರು ಅಬ್ಬಾ. "ನಿಮಗ ಸಕ್ರಿ ಐತಿ. ನೀವು ತುಳೀಬೇಕು."

ಶಾಹೀದ ಫೋನನ್ನು ಕಿಸೆಗೆ ಹಾಕಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ. "ನನಗರ ಹೇಳಬೇಕಿತ್ತಲ್ಲ ಅಬ್ಬಾ," ಎಂದ.

"ಹೆಂಗ ಹೇಳ್ಲೋ? ನಮ್ಮ ಅಬ್ಬಾ ಕಬ್ಬಿಣ ಅಂತ ಊರ ತುಂಬ ಡಂಗುರ ಹೊಡಿತಿದ್ದಿ." ಅಬ್ಬಾ ಕುಡುಗೋಲಿನ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. "ಹೇಳಿ ಏನು ಮಾಡೋದು? ನನಗ ಗಾಡಿ ಸಿಕ್ಕೀತು. ಕಲ್ಲಿಗ್ಯಾರು ತುಳೀಬೇಕು? ಅದರಾಗ ಪೆಡಲ್ ಇಲ್ಲ, ತುಳ್ಯಾಕ ಏನೂ ಇಲ್ಲ. ಸಾಣಿ ಹೋದ್ರ ನಾ ಯಾರು? ಗಾಡಿ ಮ್ಯಾಲೆ ಕುಂತು ಊರೂರು ಸುತ್ತೋ ಮುದುಕ."

ಅದೇ ಅವರನ್ನು ಇಷ್ಟು ದಿನ ಒಳಗೇ ತಿನ್ನುತ್ತಿದ್ದುದು ಎಂದು ನನಗೆ ಆಗ ತಿಳಿಯಿತು. ನಾನು ಅವರ ಕಾಲನ್ನಷ್ಟೇ ನೋಡಿದ್ದೆ.

"ಅಷ್ಟನ?" ಎಂದ ಶಾಹೀದ. "ಅಬ್ಬಾ, ನಾ ದಿನಾ ಅಂಗಡ್ಯಾಗ ಹಿಡಕೊಂಡು ಕುಂದ್ರೋದೇನು, ಬದನಿಕಾಯೇನು? ಮೋಟರ್ ಅಲ್ಲೇನು? ಒಂದು ಸಣ್ಣ ಮೋಟರ್ ಗಾಡಿ ಬ್ಯಾಟರಿಗೆ ಹಚ್ಚಿದ್ರ ನಿಮ್ಮ ಕಲ್ಲು ಗರಗರ ತಿರಗತೈತಿ. ಒಂದು ದಿನದ ಕೆಲಸ. ನೀವು ಸೈಕಲ್ ಬಿಟ್ಟು ಇಳೀಲಿಕ್ಕಿಲ್ಲ ಅಂತ ನಾ ಬಾಯಿ ಮುಚಗೊಂಡಿದ್ದೆ."

"ಆಗತೈತಾ?" ಅಬ್ಬಾ ಅವನನ್ನಲ್ಲ, ದುರಗೇಶನನ್ನು ಕೇಳಿದರು.

"ಆಗತೈತಿ ಸಾಬಣ್ಣ. ಚಾರ್ಜ್ ಒಂದೀಟು ಲಗೂ ಇಳೀತೈತಿ, ಅಷ್ಟ."

"ಇಳದ್ರ ನಮ್ಮ ಮನ್ಯಾಗ ಹಚ್ಚಲಿ," ಎಂದಳು ಕಳಕಮ್ಮ. "ಕರೆಂಟ್ ಐತಿ. ಅದೆಲ್ಲ ಆಮ್ಯಾಲೆ ಮಾತಾಡ್ರಿ. ನನ್ನ ಕುಡುಗೋಲು ಅರ್ಧಕ್ಕ ನಿಂತೈತಲ್ಲ, ಅದಕ್ಕೇನು?"

ಕರಿಬಸಪ್ಪ ಸಾವ್ಕಾರರು ಎದ್ದು ಚಡ್ಡಿಯ ಮಣ್ಣು ಝಾಡಿಸಿದರು. ಸೀದಾ ಹೋಗಿ ಅಬ್ಬಾ ಅವರ ಸೀಟಿನ ಮೇಲೆ ಕೂತರು. "ಹೇಳ್ರಿ ಟಿಪ್ಪುಸಾಬರ, ಹೆಂಗ ತುಳೀಬೇಕು?"

"ಸಾವಕಾಶ್ರಿ. ಒಂದ ಹದಕ್ಕ."

ಶಾಹೀದ ಅಬ್ಬಾ ಅವರನ್ನು ಎತ್ತಿ ನಿಲ್ಲಿಸಿದ. ಕಳಕಮ್ಮ ಒಳಗಿನಿಂದ ಸ್ಟೂಲು ತಂದಳು. ಸಾವ್ಕಾರರು ತುಳಿದರು, ಅಬ್ಬಾ ಪಕ್ಕದಲ್ಲಿ ಕೂತು ಅಲಗು ಹಿಡಿದರು. ಕಿಡಿ ಹಾರಿ ಚಡ್ಡಿಯ ಮೇಲೆ ಬಿದ್ದಾಗ ಸಾವ್ಕಾರರು, "ಯಪ್ಪಾ, ಸುಟ್ಟೀತ್ರಿ!" ಎಂದು ಕೂಗಿದರೂ ಕಾಲು ನಿಲ್ಲಿಸಲಿಲ್ಲ. ಕುಡುಗೋಲಿನ ಹಿಂದೆ ಈಳಿಗೆ ಬಂತು, ಈಳಿಗೆಯ ಹಿಂದೆ ಇಡೀ ಕ್ಯಾಂಪು ಬಂತು. ಒಬ್ಬರು ದಣಿದರೆ ಇನ್ನೊಬ್ಬರು, "ಇಳೀರಿ, ನಂದು ಪಾಳಿ" ಎಂದು ಹತ್ತಿದರು. ಸಾವ್ಕಾರರು ಇಳಿದು, ಸೈಕಲ್ ಹೋದ ದೂರ ಅಳೆಯುವ ತಮ್ಮ ಮುಂಗೈ ಗಡಿಯಾರ ನೋಡಿಕೊಂಡರು.

"ಇಷ್ಟು ತುಳದೇನಿ, ಒಂದು ಮೀಟರೂ ಮುಂದ ಹೋಗಿಲ್ಲ ಅಂತ ತೋರಿಸ್ತೈತಲ್ರಿ ಇದು!"

"ನಂದೂ ದಿನಾ ಹಂಗ ಅಲ್ಲೇನ್ರಿ," ಎಂದರು ಅಬ್ಬಾ, ಅಲಗಿನಿಂದ ಕಣ್ಣು ತೆಗೆಯದೆ.

ಕಟ್ಟಕಡೆಯ ಚೂರಿ ಮುಗಿಯುವ ಹೊತ್ತಿಗೆ ಬಿಸಿಲು ಏರಿತ್ತು. ಆನೆಗೊಂದಿಯಲ್ಲಿ ಜನ ಕಾಯುತ್ತಿದ್ದರು. ಅಬ್ಬಾ ಸೈಕಲ್ಲಿನ ಕಡೆ ಒಂದು ಹೆಜ್ಜೆ ಇಟ್ಟರು. ಅಭ್ಯಾಸ.

"ಎಲ್ಲಿಗೆ?" ಎಂದ ದುರಗೇಶ. ಅವನು ಎರಡೂ ಬದಿಯ ಮೊಸರಿನ ಕ್ಯಾನುಗಳನ್ನು ಬಿಚ್ಚಿ ಶಾಹೀದನ ಸೈಕಲ್ಲಿಗೆ ಕಟ್ಟಿದ್ದ. "ಬಾ ಸಾಬಣ್ಣ, ಹಿಂದ ಕುಂದ್ರು."

ಅಬ್ಬಾ ಸಾವ್ಕಾರರನ್ನು ನೋಡಿದರು.

"ನನ್ನೇನು ನೋಡ್ತೀರಿ? ಕುಂದರ್ರಿ. ನಿಮ್ಮ ಸೈಕಲ್ ನಾ ತರ್ತೀನಿ." ಸಾವ್ಕಾರರು ಆ ಕರಿ ಸೈಕಲ್ಲನ್ನು ಸ್ಟ್ಯಾಂಡಿನಿಂದ ಇಳಿಸಿ, ಅದರ ಭಾರಕ್ಕೆ ಒಮ್ಮೆ ಹೌಹಾರಿದರು. "ಎಲೇ ಇವನ! ಇದನ್ನ ಹೊತಗೊಂಡು ತಿರಗ್ತಿದ್ರೇನ್ರಿ?"

ಹೀಗೆ ಜಾಥಾ ಮತ್ತೆ ಹೊರಟಿತು. ಎಲ್ಲರ ಮುಂದೆ ಬ್ಯಾಟರಿ ಗಾಡಿ, ಅದರ ಹಿಂದೆ 'ಬ್ಯಾಟರಿ ಬೇಡ, ಕಾಲೇ ಸಾಕು' ಎಂಬ ಬ್ಯಾನರ್, ಅದರ ಹಿಂದೆ ಸಾಣೆಯ ಸೈಕಲ್ ಮೇಲೆ ಏದುಸಿರು ಬಿಡುತ್ತ ಕರಿಬಸಪ್ಪ ಸಾವ್ಕಾರರು. ದಾರಿಯ ಪಕ್ಕ ಎಮ್ಮೆ ಮೇಯಿಸುತ್ತಿದ್ದ ಮುದುಕನೊಬ್ಬ ಬ್ಯಾನರನ್ನು ಅಕ್ಷರ ಕೂಡಿಸಿ ಓದಿ, ಮುಂದಿನ ಗಾಡಿ ನೋಡಿ, "ಇದೇನ್ರೋ ಇದು?" ಎಂದ.

"ಅವರಿಗೆ ರಿಯಾಯ್ತಿ ಐತ್ರಿ!" ಎಂದು ಸಾವ್ಕಾರರು ಹಿಂದಿನಿಂದ ಕೂಗಿದರು.

ಈ ಸಲ ನಾನು ಎಲ್ಲರ ಹಿಂದೆ ಇರಲಿಲ್ಲ. ಹೇಗೋ ಮುಂದೆ ಬಂದುಬಿಟ್ಟಿದ್ದೆ, ಬ್ಯಾನರಿನ ಪಕ್ಕಕ್ಕೆ. ಅಬ್ಬಾ ದುರಗೇಶನ ಭುಜ ಹಿಡಿದು ಕೂತಿದ್ದರು. ಮೊದಲು ಗಟ್ಟಿಯಾಗಿ ಹಿಡಿದಿದ್ದರು. ತೋಟಗಳು ಮುಗಿದು ಬಂಡೆಗಳ ನಡುವಿನ ಏರು ಬಂದಾಗ ಅವರ ಬೆನ್ನು ಒಮ್ಮೆ ಬಿಗಿಯಿತು, ಏರು ಕಂಡಾಗ ಬಿಗಿಯುವ ಹಾಗೆ. ಗಾಡಿ ಸದ್ದಿಲ್ಲದೆ ಏರಿತು. ಬೆನ್ನು ಸಡಿಲವಾಯಿತು. ಅವರು ದುರಗೇಶನ ಭುಜದಿಂದ ಒಂದು ಕೈ ತೆಗೆದರು, ತುಸು ಹೊತ್ತಿಗೆ ಇನ್ನೊಂದನ್ನೂ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಅವರ ಎರಡೂ ಕಾಲು ಗಾಡಿಯ ಎರಡು ಬದಿಗೆ ಇಳಿಬಿದ್ದು, ಗಾಳಿಗೆ ಸುಮ್ಮನೆ ತೂಗುತ್ತಿದ್ದವು. ಏನನ್ನೂ ತುಳಿಯುತ್ತಿರಲಿಲ್ಲ. ನಾನು ಏರಿಗೆ ಎದ್ದು ನಿಂತು ತುಳಿಯುತ್ತ, ಉಸಿರು ಸಿಕ್ಕಿಕೊಂಡರೂ, ಆ ಕಾಲುಗಳನ್ನೇ ನೋಡುತ್ತ ಹಿಂದೆ ಹೋದೆ.